ಡೈವೋರ್ಸ್ ಅಗ್ರಿಮೆಂಟಲ್ಲಿ ಬೇಕರಿ, ಫ್ಲ್ಯಾಟ್ ಪಾಲು ಮಾಡುದು ಹೇಗೆ?

ಪ್ರಶ್ನೆ:
ನಾನೂ ಗಂಡನೂ ಒಪ್ಪಿಯೇ ಬೇರೆ ಆಗುದು. ಉಡುಪಿಯಲ್ಲಿ ನಮ್ಮದೊಂದು ಬೇಕರಿ ಉಂಟು, ಪಾರ್ಟ್‌ನರ್‌ಶಿಪ್ ಡೀಡಲ್ಲಿ ನಾವಿಬ್ರೇ, ಅರ್ಧರ್ಧ. ಮಣಿಪಾಲದ ಫ್ಲ್ಯಾಟೂ ಹೋಮ್ ಲೋನೂ ಜಾಯಿಂಟ್. ಈಗ ಅವರು ಹೇಳುದು ಬೇಕರಿ ನನಗಿರಲಿ, ಫ್ಲ್ಯಾಟ್ ನೀನು ಇಟ್ಕೊ, ಲೋನ್ ನೀನೇ ಕಟ್ಟು, ಸ್ಟ್ಯಾಂಪ್ ಪೇಪರಲ್ಲಿ ಬರ್ದು ನೋಟರಿ ಮಾಡ್ಸಿದ್ರೆ ಮುಗೀತು ಅಂತ. ಆ ಬೇಕರಿಯಲ್ಲಿ ಬೆಳಗ್ಗಿನ ಜಾವದಿಂದ ನಾನೂ ದುಡ್ದಿದ್ದೇನೆ, ಗಿರಾಕಿಗಳು ಬನ್ಸ್ ಕೇಳಿಕೊಂಡು ಬರುದು ನನ್ನ ಕೈರುಚಿಗೆ. ಹೀಗೆ ಬಿಟ್ಟುಕೊಡುದು ಸರಿಯಾ?

ಉತ್ತರ 1:
ಅಕ್ಕ, ಅವಸರದಲ್ಲಿ ಸೈನ್ ಮಾತ್ರ ಹಾಕ್ಬೇಡಿ. ನೋಟರಿ ಪೇಪರಿಂದ ಫ್ಲ್ಯಾಟ್ ನಿಮ್ಮೊಬ್ಬರ ಹೆಸರಿಗೆ ಆಗುದಿಲ್ಲ. ಅವರ ಅರ್ಧ ಪಾಲಿಗೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಲೀಸ್ ಡೀಡೋ (ಪಾಲಿನ ಹಕ್ಕು ಬಿಟ್ಟುಕೊಡುವ ಪತ್ರ) ಗಿಫ್ಟ್ ಡೀಡೋ ರಿಜಿಸ್ಟರ್ ಆಗ್ಬೇಕು. ಗಂಡ ಹೆಂಡ್ತಿ ನಡುವಿನ ಗಿಫ್ಟಿಗೆ ಸ್ಟ್ಯಾಂಪ್ ಡ್ಯೂಟಿ ತುಂಬಾ ಕಡಿಮೆ, ಕೋರ್ಟಿಂದ ಡೈವೋರ್ಸ್ ಡಿಕ್ರಿ ಆದ್ಮೇಲೆ ಆ ಸಂಬಂಧ ಉಳಿಯುದಿಲ್ಲ, ಹಾಗಾಗಿ ಮೊದಲೇ ಮಾಡಿಸುದು ಒಳ್ಳೇದು. ಆದ್ರೆ ಅದಕ್ಕೂ ಮುಂಚೆ ಬ್ಯಾಂಕಿಗೆ ಹೋಗಿ, ಯಾಕಂದ್ರೆ ನಿಮ್ಮಿಬ್ಬರ ಒಪ್ಪಂದ ಬ್ಯಾಂಕನ್ನು ಕಟ್ಟಿಹಾಕುದಿಲ್ಲ, ಬ್ಯಾಂಕ್ ಅವರ ಹೆಸರು ತೆಗೀಬೇಕಾದ್ರೆ ನಿಮ್ಮೊಬ್ಬರ ಆದಾಯ ಸಾಕಾ ಅಂತ ನೋಡ್ತದೆ, ಬೇಕರಿ ಬಿಟ್ಟುಕೊಟ್ಟ ಮೇಲೆ ಎಂತ ಆದಾಯ ತೋರಿಸ್ತೀರಿ?

ಉತ್ತರ 2:
ಮೇಲಿನವರು ಹೇಳಿದ್ದು ಸತ್ಯ. ನಾನು ಮಂಗಳೂರಲ್ಲಿ ಅಕೌಂಟ್ಸ್ ನೋಡುದು, ಬೇಕರಿ ಬಗ್ಗೆ ಹೇಳ್ತೇನೆ. ನಮ್ಮ ಕರ್ನಾಟಕದಲ್ಲಿ ಮದುವೆ ಆದ್ಮೇಲೆ ಮಾಡಿದ ಆಸ್ತಿ ಎಲ್ಲ ಅರ್ಧರ್ಧ ಅನ್ನುವ ಕಾನೂನು ಇಲ್ಲ, ಹಾಗಾಗಿ ಡೀಡಲ್ಲಿ ನಿಮ್ಮ ಹೆಸರು ಇರುದೇ ದೊಡ್ಡ ಬಲ. ಓವನ್, ಸ್ಟಾಕ್, ಅಂಗಡಿಯ ಅಡ್ವಾನ್ಸ್ ಮಾತ್ರ ಅಲ್ಲ, ಗುಡ್‌ವಿಲ್‌ಗೂ (ಅಂಗಡಿ ಗಳಿಸಿದ ಒಳ್ಳೆ ಹೆಸರಿಗೂ) ಬೆಲೆ ಕಟ್ಟಿಸಿ, ನೀವು ಹೇಳಿದ ಆ ಬನ್ಸಿನ ಗಿರಾಕಿ ಅದರಲ್ಲೇ ಬರುದು. ಇಬ್ಬರೇ ಇರುವ ಫರ್ಮಲ್ಲಿ ಒಬ್ರು ಬಿಟ್ರೆ ಫರ್ಮೇ ಮುಗೀತದೆ, ಅವರು ಒಬ್ಬರೇ ನಡ್ಸುದಾದ್ರೆ ಅವರ ಹೆಸರಲ್ಲಿ ಹೊಸ ಜಿಎಸ್‌ಟಿ ನಂಬರ್ ಬೇಕು. ನಿಮ್ಮ ಲೆಕ್ಕ ಚುಕ್ತಾ ಮಾಡದೆ ಅವರು ವ್ಯಾಪಾರ ಮುಂದುವರಿಸಿದ್ರೆ, 1932ರ ಪಾರ್ಟ್‌ನರ್‌ಶಿಪ್ ಕಾಯ್ದೆಯ ಸೆಕ್ಷನ್ 37ರಲ್ಲಿ ನಿಮ್ಮ ಪಾಲಿನ ಲಾಭ ಕೇಳ್ಬಹುದು, ಇಲ್ಲಾ ಆ ಪಾಲಿನ ಮೇಲೆ ವರ್ಷಕ್ಕೆ ಶೇ. 6 ಬಡ್ಡಿ. ನೀವು ಫರ್ಮ್ ಬಿಟ್ಟದ್ದು ಎಲ್ಲರಿಗೂ ತಿಳಿಸುವ ಪಬ್ಲಿಕ್ ನೋಟಿಸ್ ಮರೀಬೇಡಿ, ಅದು ಕೊಡದಿದ್ರೆ ನಾಳೆ ಮೈದಾ ಸಪ್ಲೈಯರ್ ಬಾಕಿ ಕೇಳಿಕೊಂಡು ನಿಮ್ಮ ಹತ್ರ ಬರ್ಬಹುದು.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ ಆಯ್ತು. ಡೈವೋರ್ಸಿಗೆ ಅರ್ಜಿ ಹಾಕಿದ್ಮೇಲೆ ಆರು ತಿಂಗಳು ಕಾಯ್ಲೇಬೇಕಾ?

ಉತ್ತರ 1:
ಇಬ್ರೂ ಒಪ್ಪಿ ಮಾಡುವ ಡೈವೋರ್ಸಿಗೆ ಇರುವ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 13ಬಿ ಪ್ರಕಾರ ಅರ್ಜಿ ಹಾಕ್ಲಿಕ್ಕೆ ಒಂದು ವರ್ಷ ಬೇರೆ ಇದ್ದಿರ್ಬೇಕು, ಆಮೇಲಿನ ಆರು ತಿಂಗಳನ್ನು ಕೋರ್ಟ್ ಮನ್ನಾ ಮಾಡ್ಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಆದ್ರೆ ಅಕ್ಕ, ನಿಮಗೆ ಆ ಸಮಯ ಬೇಕು, ಅಷ್ಟರಲ್ಲಿ ಬೇಕರಿಯ ಮೂರು ವರ್ಷದ ಬ್ಯಾಲೆನ್ಸ್ ಶೀಟ್ ತೆಗ್ದಿಟ್ಕೊಳ್ಳಿ.