ಸಹಾಯ ಬೇಕು: ಟಿ-ಟೆಸ್ಟ್ ಒಂದು ಬದಿಯದೋ, ಎರಡು ಬದಿಯದೋ?

ಎಲ್ಲರಿಗೂ ನಮಸ್ಕಾರ. ನಮ್ಮ ತಾಲ್ಲೂಕಿನ ಪಿಯುಸಿ ಹುಡುಗಿಯರ ಸರಾಸರಿ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಈ ವಯಸ್ಸಿನಲ್ಲಿ ಡೆಸಿಲೀಟರ್‌ಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ನಮ್ಮ ಸರಾಸರಿ 12ರಿಂದ ನಿಜಕ್ಕೂ ಬೇರೆಯೋ, ಬರೀ ಆಕಸ್ಮಿಕವೋ ಅಂತ ನೋಡಲು ಟಿ-ಟೆಸ್ಟ್ ಮಾಡುತ್ತಿದ್ದೇನೆ. ಎರಡು ಬದಿಯದು ಅಂದರೆ 12ಕ್ಕಿಂತ ಹೆಚ್ಚು, ಕಡಿಮೆ ಎರಡನ್ನೂ ನೋಡುವುದು; ಒಂದು ಬದಿಯದು ಅಂದರೆ ಇಲ್ಲಿ ಕಡಿಮೆಯನ್ನು ಮಾತ್ರ.

36 ಹುಡುಗಿಯರ ರಕ್ತ ಪರೀಕ್ಷೆ ಆಗಿದೆ. ಸರಾಸರಿ 11.6, ಸ್ಟ್ಯಾಂಡರ್ಡ್ ಡೀವಿಯೇಷನ್ (ಅಳತೆಗಳ ಹರಡುವಿಕೆ) 1.2. ಅಂದರೆ ಸ್ಟ್ಯಾಂಡರ್ಡ್ ಎರರ್ (ಸರಾಸರಿಯಲ್ಲಿ ಇರಬಹುದಾದ ಏರುಪೇರು) 0.2, ಟಿ ಬೆಲೆ (ಸರಾಸರಿ 12ರಿಂದ ಎಷ್ಟು ಸ್ಟ್ಯಾಂಡರ್ಡ್ ಎರರ್ ದೂರ) ಮೈನಸ್ 2. ಸಿಕ್ಕಿಕೊಂಡಿರುವುದು ಇಲ್ಲೇ. 5% ಮಟ್ಟದಲ್ಲಿ ಎರಡು ಬದಿಯ ಟೆಸ್ಟ್‌ಗೆ ಟೇಬಲ್ ಬೆಲೆ (ಚಿಹ್ನೆ ಬಿಟ್ಟು ಟಿ ದಾಟಬೇಕಾದ ಗಡಿ) 2.03, ಹಾಗಾಗಿ ಶೂನ್ಯ ಕಲ್ಪನೆಯನ್ನು, ಅಂದರೆ ಸರಾಸರಿ 12 ಅನ್ನುವುದನ್ನು, ತಿರಸ್ಕರಿಸಲು ಆಗುವುದಿಲ್ಲ. ಒಂದು ಬದಿಯದಕ್ಕೆ 1.69, ಆಗ ತಿರಸ್ಕರಿಸಬಹುದು! 95% ವಿಶ್ವಾಸಾಂತರವೂ (ನಿಜವಾದ ಸರಾಸರಿ ಇರಬಹುದಾದ ವ್ಯಾಪ್ತಿ) 11.19ರಿಂದ 12.01, ಕೂದಲೆಳೆಯಲ್ಲಿ 12 ಒಳಗೇ ಉಳಿಯುತ್ತದೆ.

ಗೆಳತಿ ಒಂದು ಬದಿಯದೇ ಹಾಕು ಅನ್ನುತ್ತಾಳೆ. ಆದರೆ ಡೇಟಾ ನೋಡಿದ ಮೇಲೆ ಬದಿ ಆರಿಸುವುದು ತಪ್ಪಲ್ವಾ? ಮೊದಲೇ ಬರೆದಿಡಬೇಕಿತ್ತು, ಬರೆದಿರಲಿಲ್ಲ.

ಇನ್ನೊಂದು ಚಿಂತೆ ಇದಕ್ಕಿಂತ ಜಾಸ್ತಿ. 36 ಜನರೂ ಒಂದೇ ಹಾಸ್ಟೆಲ್‌ನವರು, ಒಂದೇ ಊಟ ಮಾಡುವವರು. ಇವರನ್ನು ನೋಡಿ ಇಡೀ ತಾಲ್ಲೂಕಿನ ಬಗ್ಗೆ ಹೇಳಬಹುದಾ? ಅಥವಾ ಬೇರೆ ಕಾಲೇಜುಗಳಿಂದ ಚೀಟಿ ಎತ್ತಿ ಹೊಸ ಸ್ಯಾಂಪಲ್ ತೆಗೆಯಬೇಕಾ? ಈ ಮಕ್ಕಳ ಆರೋಗ್ಯದ ವಿಷಯ, ಸುಮ್ನೆ ಏನೋ ಬರೆಯಲು ಮನಸ್ಸಿಲ್ಲ. ಸಂಖ್ಯಾಶಾಸ್ತ್ರ ಓದಿದವರು ದಯವಿಟ್ಟು ತಿಳಿಸಿ.