ಸಹಾಯ ಬೇಕು: ತಮ್ಮನಿಗೆ ಪದವಿ ಕಾಲೇಜಿನಲ್ಲಿ ಸೀಟು

ಎಲ್ಲರಿಗೂ ನಮಸ್ಕಾರ. ನಾವು ಶಿರಸಿಯವರು. ನನ್ನ ತಮ್ಮನಿಗೆ 20 ವರ್ಷ, ಬೌದ್ಧಿಕ ವಿಕಲತೆ ಇದೆ. ಯುಡಿಐಡಿ ಕಾರ್ಡಿನಲ್ಲಿ (ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ವಿಕಲತೆ ಶೇ 50 ಎಂದು ನಮೂದಾಗಿದೆ. ಮುಕ್ತ ಶಾಲೆಯ ಮೂಲಕ ಹನ್ನೆರಡನೇ ತರಗತಿ ಮುಗಿಸಿದ್ದಾನೆ. ಲೆಕ್ಕ ಅವನಿಗೆ ಒಗ್ಗದು, ಆದರೆ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುವ ಬಸ್ಸುಗಳ ಸಮಯವೆಲ್ಲ ಬಾಯಿಪಾಠ. ನಿಲ್ದಾಣದಲ್ಲಿ ಜನ ಅವನನ್ನೇ ಕೇಳುತ್ತಾರೆ!

ಬಿ.ಎ.ಗೆ ಸೇರಿಸಲು ಹೋದಾಗ ಒಂದು ಅನುದಾನಿತ ಕಾಲೇಜಿನಲ್ಲಿ ಅರ್ಜಿಯನ್ನೇ ಕೊಡಲಿಲ್ಲ. "ಇಲ್ಲಿ ಅವನಿಗೆ ಕಷ್ಟವಾಗುತ್ತದೆ, ಮನೆಯಲ್ಲೇ ಚೆನ್ನಾಗಿರುತ್ತಾನೆ" ಎಂದರು. ಮಾತು ಮೆತ್ತಗಿತ್ತು, ಬಾಗಿಲು ಮಾತ್ರ ಮುಚ್ಚಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 32ನೇ ಕಲಮಿನಂತೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ, ಶೇ 40 ಅಥವಾ ಅದಕ್ಕಿಂತ ಹೆಚ್ಚು ವಿಕಲತೆ ಇರುವವರಿಗೆ ಕನಿಷ್ಠ ಶೇ 5 ಸೀಟು ಮೀಸಲು. ವಯೋಮಿತಿಯಲ್ಲಿ ಐದು ವರ್ಷ ಸಡಿಲಿಕೆಯೂ ಇದೆ. ಬೌದ್ಧಿಕ ವಿಕಲತೆಯೂ ಅದರೊಳಗೇ ಬರುತ್ತದೆ. ಗಾಲಿಕುರ್ಚಿಗೆ ಇಳಿಜಾರು ಕಟ್ಟಿದರೆ ಕೆಲಸ ಮುಗಿಯಿತು ಎಂದುಕೊಂಡವರಿಗೆ ಇದನ್ನು ವಿವರಿಸುವುದು ಹೇಗೆ?

ಕಾರವಾರ, ಕುಮಟಾ, ಹೊನ್ನಾವರ ಕಡೆ ಯಾರಾದರೂ ಇಂಥ ಮಕ್ಕಳನ್ನು ಪದವಿಗೆ ಸೇರಿಸಿದ್ದೀರಾ? ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವ ಲಿಪಿಕಾರರು, ಹೆಚ್ಚುವರಿ ಸಮಯ, ಸರಳ ಟಿಪ್ಪಣಿ, ಇವನ್ನೆಲ್ಲ ಯಾರಲ್ಲಿ, ಯಾವಾಗ ಕೇಳಿದಿರಿ? ಲಿಖಿತ ಅರ್ಜಿ ಬರೆದುಕೊಡಬಲ್ಲ ವಕೀಲರು ಇದ್ದರೂ ತಿಳಿಸಿ. ಪ್ರವೇಶ ಮುಗಿಯಲು ಹೆಚ್ಚು ದಿನವಿಲ್ಲ. ತಮ್ಮನಂತೂ ಹೊಸ ಚೀಲ ಕೊಂಡು ಬಾಗಿಲಿಗೆ ನೇತುಹಾಕಿದ್ದಾನೆ.