ಕಾಂಪೌಂಡ್ ಪಕ್ಕ ಮರೆಗೆ ಬಿದಿರು: ಗಾರ್ಡನ್ ಮೇಡಂ ಜೊತೆ ಪ್ರಶ್ನೋತ್ತರ

ಜೆ.ಪಿ. ನಗರ: ಮೇಡಂ, ಪಕ್ಕದ ಸೈಟಲ್ಲಿ ಮೂರು ಅಂತಸ್ತು ಎದ್ದಿದೆ. ಅವರ ಬಾಲ್ಕನಿಗೆ ನಮ್ಮ ಅಡುಗೆಮನೆ ನೇರ ಕಾಣುತ್ತೆ. ಕಾಂಪೌಂಡ್ ಒಳಗೆ ಮೂರಡಿ ಅಗಲ ಮಣ್ಣಿದೆ. ಹಳದಿ ಬಿದಿರು ಹಾಕಬಹುದಾ?

ಮೇಡಂ: ಹಳದಿ ಬೇಡ. ಅದು ಮೂವತ್ತು ನಲವತ್ತಡಿ ಏಳುತ್ತೆ, ಗಳ ತೋಳಿನಷ್ಟು ದಪ್ಪ. ನಿಮ್ಮ ಜಾಗಕ್ಕೆ ಬಾಂಬೂಸಾ ಮಲ್ಟಿಪ್ಲೆಕ್ಸ್ ಕೇಳಿ ತನ್ನಿ. ಗುಂಪಾಗಿ ಬೆಳೆಯುವ ಜಾತಿ, ಬುಡದಿಂದಲೇ ಎಲೆ ತುಂಬಿರುತ್ತೆ. ಎರಡೂವರೆ ಅಡಿಗೊಂದು ಸಸಿ, ಮಳೆ ಶುರುವಾದಾಗ ನೆಡಿ. ಮರೆ ಕಟ್ಟೋಕೆ ಎರಡು ಮೂರು ವರ್ಷ ಬೇಕು.

ಕೆಂಗೇರಿ: ಬೇರು ಗೋಡೆ ಒಡೆಯುತ್ತಾ?

ಮೇಡಂ: ಗುಂಪು ಬಿದಿರು ಓಡಲ್ಲ, ಅಂದ್ರೆ ಅದರ ಗೆಡ್ಡೆ ನೆಲದಡಿ ದೂರ ಹರಡಲ್ಲ. ಆದರೆ ಮೆಳೆ ವರ್ಷವರ್ಷ ಅಗಲವಾಗುತ್ತೆ, ಗೋಡೆಗೆ ಅಂಟಿಸಿ ನೆಟ್ಟರೆ ಒತ್ತುತ್ತೆ. ಗೋಡೆ ಕಡೆ ಬರುವ ಕಳಲೆಯನ್ನು ಎಳೆಯದಾಗಿದ್ದಾಗಲೇ ಮುರಿದುಬಿಡಿ.

ಯಲಹಂಕ: ಟೆರೇಸಲ್ಲಿ ಡ್ರಮ್ಮಿಗೆ ಹಾಕಿದರೆ ಬರುತ್ತಾ ಮೇಡಂ?

ಹೊರಮಾವು: ಗುಂಪು ಬಿದಿರು ಅಂತ ಹೇಳಿ ಕೊಟ್ಟಿದ್ರು. ಈಗ ಗಿಡದಿಂದ ನಾಲ್ಕಡಿ ದೂರದಲ್ಲಿ, ಸಂಪ್ ಕಡೆಗೆ, ಸಾಲಾಗಿ ಮೊಳಕೆ ಏಳ್ತಿದೆ. ಇದು ಸಹಜಾನಾ?

ಮೇಡಂ: ಸಹಜ ಅಲ್ಲ, ತಡ ಮಾಡಬೇಡಿ. ಗುಂಪು ಬಿದಿರಿನ ಕಳಲೆ ತಾಯಿ ಗಳದ ಮಗ್ಗುಲಲ್ಲೇ ಏಳುತ್ತೆ. ನಿಮಗೆ ಓಡುವ ಜಾತಿ ಕೊಟ್ಟಿದ್ದಾರೆ ಅನ್ನಿಸುತ್ತೆ. ಒಂದು ಗಳ ಹಿಡಿದು ಗಿಣ್ಣಿನ ಮೇಲೆ ಬೆರಳಾಡಿಸಿ. ರೆಂಬೆ ಹೊರಟ ಕಡೆ ಗಳ ಉದ್ದಕ್ಕೆ ಚಪ್ಪಟೆಯಾಗಿ ತಗ್ಗಿದ್ದು, ಗಿಣ್ಣಿಗೆ ಎರಡೇ ದಪ್ಪ ರೆಂಬೆ ಇದ್ದರೆ ಅದು ಫೈಲೋಸ್ಟ್ಯಾಕಿಸ್, ಓಡೋದೇ ಅದರ ಗುಣ. ಗುಂಪು ಬಿದಿರಾದರೆ ಗಳ ದುಂಡಗೆ, ಗಿಣ್ಣಿಗೆ ರೆಂಬೆ ಗೊಂಚಲೇ ಇರುತ್ತೆ. ನೋಡಿ ಆಯ್ತಾ, ಸಂಪಿಗೂ ಗಿಡಕ್ಕೂ ನಡುವೆ ಎರಡಡಿ ಆಳ ಅಗೆಯಿರಿ. ಅಡ್ಡಕ್ಕೆ ಹೋಗುವ ಗೆಡ್ಡೆ ಸಿಕ್ಕರೆ ಅಲ್ಲೇ ಕತ್ತರಿಸಿ, ಸಂಪ್ ಕಡೆಯ ಭಾಗವನ್ನು ತುಂಡೂ ಬಿಡದೆ ಎತ್ತಿ, ಯಾಕಂದ್ರೆ ಮೊಗ್ಗಿರುವ ಚೂರು ಉಳಿದರೂ ಮತ್ತೆ ಚಿಗುರುತ್ತೆ. ಸಂಪ್ ಒಳಗೆ ಟಾರ್ಚ್ ಹಾಕಿ ಬಿರುಕಿದೆಯಾ ನೋಡಿ.

ಬಸವನಗುಡಿ: ಬುಡಕ್ಕೆ ಎರಡು ಕೆಜಿ ಕಲ್ಲುಪ್ಪು ಸುರಿದರೆ ಸಾಕು ಅಂತ ವಾಟ್ಸಾಪಲ್ಲಿ ಬಂದಿತ್ತು. ಫಾರ್ವರ್ಡ್ ಮಾಡ್ಲಾ?

ಮೇಡಂ: ದಯವಿಟ್ಟು ಬೇಡ. ಕುಡಿಯೋ ನೀರಿನ ಸಂಪ್ ಪಕ್ಕ ಉಪ್ಪು ಸುರಿಯೋದಾ? ಮಣ್ಣು ಹಾಳಾಗುತ್ತೆ, ಅಕ್ಕಪಕ್ಕದ ಗಿಡ ಸಾಯುತ್ತೆ, ಬಿದಿರು ಮಾತ್ರ ಆಚೆ ಕಡೆ ಏಳುತ್ತೆ. ಸೀಮೆಎಣ್ಣೆ, ಆಸಿಡ್ಡೂ ಅಷ್ಟೇ.

ಕೆಂಗೇರಿ: ಬಿದಿರಿದ್ರೆ ಹಾವು ಬರುತ್ತಂತೆ. ವಾಸ್ತುನೂ ಸರಿಯಿಲ್ಲ.

ಬಸವನಗುಡಿ: ವಾಸ್ತು ಇಲ್ಲಿಗೆ ಯಾಕೆ? ನಿಮ್ಮ ಹಿಂದಿನ ಮನೆಯ ಬಿದಿರೆಲೆ ಪಕ್ಕದವರ ಅಂಗಳಕ್ಕೆ ಬಿದ್ದು ಜಗಳ ಆಗಿತ್ತಲ್ಲ, ಅದನ್ನ ಹೇಳಿ.

ಕೆಂಗೇರಿ: ಎಲೆ ಗುಡಿಸಿದ್ದು ನಾವೇ. ಗೊತ್ತಿಲ್ಲದೆ ಮಾತಾಡಬೇಡಿ.

ಬಸವನಗುಡಿ: ಗುಡಿಸಿದ್ದು ಅವರು ಕಂಪ್ಲೇಂಟ್ ಕೊಟ್ಟ ಮೇಲೆ.

ಮೇಡಂ: ಇಬ್ಬರೂ ನಿಲ್ಲಿಸಿ. ಬುಡದಲ್ಲಿ ಕಸ ಕಟ್ಟಿದರೆ ಇಲಿ ಸೇರುತ್ತೆ, ಇಲಿ ಹಿಂದೆ ಹಾವು. ಮೂರು ವರ್ಷ ದಾಟಿದ ಗಳಗಳನ್ನು ಬುಡಕ್ಕೆ ಕಡಿದು, ಬುಡ ಚೊಕ್ಕಟವಾಗಿಡಿ.

ವಿಜಯನಗರ: ಗೋಡೆ ಒಡೆಯಲ್ಲ ತಾನೇ?

ಮೇಡಂ: ಮೇಲೆ ಓದಿ.

ಯಲಹಂಕ: ಡ್ರಮ್ಮಿನ ವಿಷಯ ಕೇಳಿದ್ದೆ ಮೇಡಂ.

ಹೊರಮಾವು: ಗಳ ಚಪ್ಪಟೆ ಇದೆ, ಎರಡೇ ರೆಂಬೆ. ಅಗೆದಾಗ ಹೆಬ್ಬೆರಳು ಗಾತ್ರದ ಗೆಡ್ಡೆ ಸಂಪ್ ಗೋಡೆಗೆ ತಾಗಿಕೊಂಡೇ ಹೋಗಿದೆ.

ಮೇಡಂ: ಹಾಗಾದ್ರೆ ಆ ಗಿಡವನ್ನೇ ಪೂರ್ತಿ ತೆಗೆಸಿ. ಮುಂದಿನ ಮಳೆಗಾಲದ ತನಕ ಮೊಳಕೆ ಕಂಡಲ್ಲೆಲ್ಲ ಕೀಳ್ತಾ ಇರಿ. ಕಿತ್ತ ಗೆಡ್ಡೆಯನ್ನು ಖಾಲಿ ಸೈಟಿಗೆ ಎಸೆಯಬೇಡಿ, ಬಿಸಿಲಿಗೆ ಒಣಗಿಸಿ.